ಬೇಡವೆಂದ ಹಣದ ಲೆಕ್ಕ

ಕಳೆದ ಶ್ರಾವಣ ಮಾಸದಲ್ಲಿ ಒಂದು ಊರಿನ ಬಸವಣ್ಣನ ಗುಡಿಯಲ್ಲಿ ನಮ್ಮ ಪ್ರವಚನ ನಡೆದಿತ್ತು. ಕೊನೆಯ ವಾರದ ಒಂದು ರಾತ್ರಿ, ಮಂಗಳಾರತಿ ಮುಗಿದು ಜನರೆಲ್ಲ ಪ್ರಸಾದಕ್ಕೆ ಎದ್ದ ಮೇಲೆ, ರೈತ ದಂಪತಿಗಳು ತಮ್ಮ ಮಗನನ್ನು ಮುಂದಿಟ್ಟುಕೊಂಡು ಬಂದು ನಮ್ಮ ಎದುರು ಕುಳಿತರು. ಮಗನು ಇಂಜಿನಿಯರಿಂಗ್ ಓದಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಮೂರು ವರ್ಷಗಳಿಂದ ಉದ್ಯೋಗದಲ್ಲಿದ್ದಾನೆ. ಈಗ ಆ ಉದ್ಯೋಗವನ್ನು ತೊರೆದು ಹಳಗನ್ನಡ ಓದಬೇಕು, ಓಲೆಗರಿಗಳನ್ನು ಬಿಡಿಸುವುದನ್ನು ಕಲಿಯಬೇಕು, ಶರಣ ಸಾಹಿತ್ಯದ ಕೆಲಸಕ್ಕೆ ಬಾಳನ್ನು ಮುಡುಪಿಡಬೇಕು ಎಂದು ಹಟ ಹಿಡಿದಿದ್ದಾನಂತೆ. “ನೀವು ಒಂದ ಮಾತು ಹೇಳ್ರಿ, ನಿಮ್ಮ ಮಾತು ಕೇಳ್ತಾನ” ಎಂದರು ತಾಯಿ. ತಂದೆ ಏನೂ ಹೇಳಲಿಲ್ಲ, ಹೆಗಲ ಮೇಲಿನ ವಸ್ತ್ರವನ್ನು ಮಡಚುತ್ತ ಕುಳಿತಿದ್ದರು. ಮಗನು ಮಾತ್ರ, “ನಾನು ಈ ದಾರಿಗೆ ಬರಬೇಕೆಂದುಕೊಂಡದ್ದೇ ನಿಮ್ಮನ್ನು ನೋಡಿ” ಎಂದು ಕೈಮುಗಿದ.

ಹತ್ತು ವರ್ಷಗಳ ಹಿಂದಾಗಿದ್ದರೆ ಆ ಹುಡುಗನ ಬೆನ್ನು ತಟ್ಟಿ, ತಂದೆತಾಯಿಗಳಿಗೆ ಅರ್ಧ ತಾಸು ಉಪದೇಶ ಮಾಡಿ, ಸಂತೃಪ್ತಿಯಿಂದ ಪ್ರಸಾದಕ್ಕೆ ಎದ್ದಿರುತ್ತಿದ್ದೆವು. ಅಂದು ಹಾಗೆ ಮಾಡಲು ಮನಸ್ಸು ಬರಲಿಲ್ಲ. “ಒಂದು ತಿಂಗಳು ಕಾಲ ಕೊಡಿರಿ” ಎಂದೆವು. ಒಂದು ತಿಂಗಳಿನಿಂದ ಎಲ್ಲ ಪ್ರಶ್ನೆಗಳಿಗೂ ಆಗಿಂದಾಗ ಉತ್ತರ ಹೇಳುತ್ತ ಬಂದ ಪ್ರವಚನಕಾರರು ಇಷ್ಟು ಸಣ್ಣ ಪ್ರಶ್ನೆಗೆ ಕಾಲ ಕೇಳಿದ್ದನ್ನು ಕಂಡು ಗುಡಿಯ ಹಿರಿಯರೊಬ್ಬರಿಗೆ ಆಶ್ಚರ್ಯವಾಯಿತು. ಏಕೆ ಕೇಳಿದೆವೆಂಬುದನ್ನು ಓದುಗ ಬಂಧುಗಳೆದುರು ಹೇಳಿಕೊಳ್ಳುವುದು ಈ ಬರಹದ ಉದ್ದೇಶ. ಇದರಲ್ಲಿ ನಮ್ಮ ಮನೆಯ ವಿಷಯವೇ ಹೆಚ್ಚಾಗಿ ಬರುತ್ತದೆ. ಅದಕ್ಕಾಗಿ ಕ್ಷಮೆಯಿರಲಿ.

ನಮ್ಮದು ಆಗಿನ ಬಿಜಾಪುರ, ಈಗಿನ ವಿಜಯಪುರ ಜಿಲ್ಲೆಯ ಒಂದು ಹಳ್ಳಿ. ಎಂಟು ಎಕರೆ ಎರೆಹೊಲ, ಎಲ್ಲವೂ ಒಣಬೇಸಾಯ. ಹಿಂಗಾರಿ ಮಳೆ ಕೈಹಿಡಿದರೆ ಬಿಳಿಜೋಳ, ಕಡಲೆ, ಕುಸುಬೆ. ಕೈಬಿಟ್ಟರೆ ಊರಿಗೆ ಊರೇ ಗುಳೆ ಏಳುತ್ತಿತ್ತು. 1972ರ ಬರವನ್ನು ಉತ್ತರ ಕರ್ನಾಟಕದ ಹಿರಿಯರಿಗೆ ವರ್ಣಿಸಬೇಕಾದ ಅಗತ್ಯವಿಲ್ಲ. ಆಗ ನಮಗೆ ಹನ್ನೆರಡು ವರ್ಷ, ತಮ್ಮನಿಗೆ ಎಂಟು. ತಂದೆಯವರು ಇಬ್ಬರನ್ನೂ ಕರೆದುಕೊಂಡು ಮಠಕ್ಕೆ ನಡೆದು ಬಂದರು. ಪೂಜ್ಯ ಶ್ರೀಗಳು ಇಬ್ಬರನ್ನೂ ಇರಿಸಿಕೊಳ್ಳಲು ಸಿದ್ಧರಿದ್ದರು. ಆದರೆ ಉಳಿದ ಒಂದು ಜೋಡಿ ಎತ್ತುಗಳಿಗೆ ಮೇವು ನೀರು ನೋಡಲು ಒಬ್ಬ ಹುಡುಗನಾದರೂ ಬೇಕೆಂದು ತಂದೆಯವರು ತಮ್ಮನನ್ನು ಮರಳಿ ಕರೆದೊಯ್ದರು. ಅವನು ಮಠದ ಮಹಾದ್ವಾರ ದಾಟುವವರೆಗೂ ತಿರುಗಿ ತಿರುಗಿ ನೋಡುತ್ತಿದ್ದ. ಪಂಕ್ತಿಯಲ್ಲಿ ಬಡಿಸಿದ್ದ ಬಿಸಿ ರೊಟ್ಟಿಯ ಕಡೆಗೆ ನೋಡುತ್ತಿದ್ದನೋ ನಮ್ಮ ಕಡೆಗೆ ನೋಡುತ್ತಿದ್ದನೋ ಈಗ ಹೇಳಲಾಗದು.

ಮಠದ ಪ್ರಸಾದ ನಿಲಯದಲ್ಲಿ ನಾವು ಹನ್ನೊಂದು ವರ್ಷ ಉಂಡೆವು. ಬೆಳಗಿನ ನಾಲ್ಕೂವರೆಗೆ ಗಂಟೆ, ಸ್ನಾನ, ಲಿಂಗಪೂಜೆ, ಅನಂತರ ಶಬ್ದರೂಪಾವಳಿ, ಅಮರಕೋಶ. ಸ್ವಲ್ಪ ದೊಡ್ಡವರಾದ ಮೇಲೆ ಕೇಶಿರಾಜನ ಸೂತ್ರಗಳು. ಸುತ್ತಲಿನ ಹಳ್ಳಿಗಳಿಂದ ಸುಗ್ಗಿಯ ಕಾಲಕ್ಕೆ ಜೋಳದ ಚೀಲಗಳನ್ನು ಹೇರಿಕೊಂಡು ಚಕ್ಕಡಿಗಳು ಬರುತ್ತಿದ್ದವು. ಅವುಗಳನ್ನು ಇಳಿಸುವ ಸರದಿ ವಿದ್ಯಾರ್ಥಿಗಳದು. ಯಾವ ಊರಿನ ಚೀಲ, ಯಾರ ಹೊಲದ ಜೋಳ ಎಂದು ನಾವೆಂದೂ ಕೇಳಲಿಲ್ಲ. ಕೇಳಬೇಕೆಂದು ಯಾರೂ ಕಲಿಸಲೂ ಇಲ್ಲ.

ಪ್ರತಿ ಸೋಮವಾರದ ಶಿವಾನುಭವಗೋಷ್ಠಿಯಲ್ಲಿ ಹಿರಿಯರ ಜೀವನಕಥೆಗಳನ್ನು ಹೇಳುತ್ತಿದ್ದರು. ತಮ್ಮ ದೇಸಗತಿಯ ಆಸ್ತಿಯನ್ನು ವಿದ್ಯಾರ್ಥಿಗಳ ಸಲುವಾಗಿ ಬರೆದಿಟ್ಟು 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜರು, 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಸಪ್ತರ್ಷಿಗಳು, ಇವರೆಲ್ಲ ನಮ್ಮ ಕಣ್ಣಮುಂದೆ ನಿತ್ಯ ಓಡಾಡುವವರಂತೆ ಇದ್ದರು. ಎಲ್ಲರಿಗಿಂತ ಹೆಚ್ಚಾಗಿ ಮನಸ್ಸನ್ನು ಸೆಳೆದವರು ಫ. ಗು. ಹಳಕಟ್ಟಿಯವರು. 1904ರಲ್ಲಿ ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆಯಾದವರು. ಬಿಜಾಪುರದಲ್ಲಿ ಹೆಸರು ಮಾಡಿದವರು. ಮನೆಮನೆ ಸುತ್ತಿ ಓಲೆಗರಿಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದು, ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿ, ‘ಶಿವಾನುಭವ’ ಪತ್ರಿಕೆಯನ್ನು ದಶಕಗಟ್ಟಲೆ ನಡೆಸಿದವರು. ಮನೆ ಮಾರಿದ ಪ್ರಸಂಗ ಬಂದಾಗ ಇಡೀ ಸಭಾಗೃಹ ನಿಶ್ಶಬ್ದವಾಗುತ್ತಿತ್ತು. ಹಣವನ್ನು ಹುಲ್ಲಿಗೆ ಸಮನಾಗಿ ಕಾಣುವುದೇ ದೊಡ್ಡತನವೆಂಬುದು ಎಳೆಯ ಮನಸ್ಸಿನಲ್ಲಿ ಅಚ್ಚೊತ್ತಿತು.

1983ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಕನ್ನಡ ಎಂ.ಎ. ಪಡೆದೆವು. ಅದು ಬ್ಯಾಂಕುಗಳ ಕಾಲ. 1969ರಲ್ಲಿ 14, 1980ರಲ್ಲಿ ಮತ್ತೆ 6 ಬ್ಯಾಂಕುಗಳು ರಾಷ್ಟ್ರೀಕೃತವಾಗಿ, ಹೋಬಳಿಗೊಂದರಂತೆ ಶಾಖೆಗಳು ತೆರೆಯುತ್ತಿದ್ದವು. ಹಳ್ಳಿಯ ಹುಡುಗನೊಬ್ಬನಿಗೆ ಬ್ಯಾಂಕಿನ ಕೆಲಸ ಸಿಕ್ಕಿತೆಂದರೆ ಕನ್ಯೆ ಕೊಡುವವರು ಸಾಲುಗಟ್ಟುತ್ತಿದ್ದರು. ಗೆಳೆಯರೊಡನೆ ನಾವೂ ಪರೀಕ್ಷೆಗೆ ಕುಳಿತಿದ್ದೆವು. ಗುಮಾಸ್ತೆಯ ನೇಮಕಾತಿ ಪತ್ರ ಬಂದಿತು. ಭತ್ಯೆಗಳೆಲ್ಲ ಸೇರಿ ಒಂಬೈನೂರು ರೂಪಾಯಿಗಳ ಆಸುಪಾಸು ಸಂಬಳ. ನಮ್ಮ ತಂದೆ ಒಂದು ಸುಗ್ಗಿಯಲ್ಲಿಯೂ ಅಷ್ಟು ನಗದು ಹಣವನ್ನು ಒಟ್ಟಿಗೆ ಕಂಡವರಲ್ಲ.

ಅದೇ ವಾರ ಪೂಜ್ಯರು ಕರೆಸಿ ಮಠದ ಹಿಂಬದಿಯ ಕೋಣೆಯೊಂದನ್ನು ತೆರೆದು ತೋರಿಸಿದರು. ಗೋಡೆಯ ಗೂಡುಗಳಲ್ಲಿ ಓಲೆಗರಿಯ ಕಟ್ಟುಗಳು, ಕೆಂಪು ವಸ್ತ್ರದಲ್ಲಿ ಸುತ್ತಿದ ಕಡತಗಳು. ಒಂದು ಮೂಲೆಗೆ ಆಗಲೇ ಗೆದ್ದಲು ಹತ್ತಿತ್ತು. “ಇವನ್ನು ಹುಳಕ್ಕೆ ಬಿಡುವುದೋ, ನೀನು ಓದುವೆಯೋ?” ಎಂದು ಕೇಳಿದರು. ತಿಂಗಳಿಗೆ ಇನ್ನೂರೈವತ್ತು ರೂಪಾಯಿ ಗೌರವಧನ, ಎರಡು ಹೊತ್ತು ಪ್ರಸಾದ. ಅಂದು ರಾತ್ರಿಯೇ ಬ್ಯಾಂಕಿಗೆ ಒಲ್ಲೆನೆಂದು ಪತ್ರ ಬರೆದೆವು. ಮುಂದಿನ ಸೋಮವಾರದ ಗೋಷ್ಠಿಯಲ್ಲಿ ನಮಗೆ ಶಾಲು ಹೊದಿಸಿದರು. ತರುಣ ತ್ಯಾಗಿ ಎಂದು ಹೊಗಳಿದರು. ಇಪ್ಪತ್ತಮೂರರ ವಯಸ್ಸಿಗೆ ಅಷ್ಟು ಹೊಗಳಿಕೆ ಒಳ್ಳೆಯದಲ್ಲ.

ಊರಿಗೆ ಹೋಗಿ ಸುದ್ದಿ ತಿಳಿಸಿದಾಗ ತಂದೆಯವರು, “ಪೂಜ್ಯರ ಅಪ್ಪಣಿ ಇದ್ರ ಆತು” ಎಂದಷ್ಟೇ ಹೇಳಿ ದನಗಳಿಗೆ ನೀರು ಕುಡಿಸಲು ಎದ್ದು ಹೋದರು. ತಮ್ಮನು ಆಗ ಪಿ.ಯು.ಸಿ. ಎರಡನೆಯ ವರ್ಷದಲ್ಲಿದ್ದ. ತಿಂಗಳೊಳಗೆ ಕಾಲೇಜು ಬಿಟ್ಟ. ಏಕೆಂದು ಕೇಳಿದರೆ, “ನನಗ ಓದಾಕ ಮನಸಿಲ್ಲಣ್ಣ, ಹೊಲಾನ ಚೊಲೋ” ಎಂದ. ನಾವು ನಂಬಿದೆವು. ಎಲ್ಲರಿಗೂ ವಿದ್ಯೆ ಒಲಿಯುವುದಿಲ್ಲವೆಂದು ಮನಸ್ಸಿನಲ್ಲಿ ಅಂದುಕೊಂಡೆವು.

ಓಲೆಗರಿಯ ಕೆಲಸ ತಾಳ್ಮೆಯ ಕೆಲಸ. ಮೊದಲು ಮೃದುವಾದ ಕುಂಚದಿಂದ ಧೂಳು ತೆಗೆಯಬೇಕು. ಒಣಗಿ ಸೆಡೆತ ಗರಿಗೆ ನಿಂಬೆಹುಲ್ಲಿನ ಎಣ್ಣೆ ಸವರಿ ಮೆತ್ತಗಾಗಿಸಬೇಕು. ಕಂಠದಿಂದ ಕೊರೆದ ಅಕ್ಷರ ಕಣ್ಣಿಗೆ ಬೀಳುವಂತೆ ಮಸಿ ತುಂಬಿ ಒರೆಸಬೇಕು. ಪದಗಳ ನಡುವೆ ತೆರಪಿಲ್ಲ, ವಾಕ್ಯಕ್ಕೆ ನಿಲುಗಡೆಯಿಲ್ಲ. ಎಲ್ಲಿ ಒಡೆಯಬೇಕೆಂಬುದನ್ನು ಓದುಗನೇ ನಿರ್ಧರಿಸಬೇಕು. ಕಡತಗಳದು ಇನ್ನೊಂದು ಬಗೆ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆದವು ಅವು. ಹೆಚ್ಚಿನವು ಮಠದ ಲೆಕ್ಕಪತ್ರಗಳು. ಯಾವ ಹಳ್ಳಿಯಿಂದ ಎಷ್ಟು ಕೊಳಗ ಜೋಳ ಬಂದಿತು, ಯಾರು ಹೊತ್ತು ತಂದರು, ಆ ದಿನ ಎಷ್ಟು ಜನ ಉಂಡರು ಎಂಬುದೆಲ್ಲ ಅವುಗಳಲ್ಲಿದೆ. ತಲೆಮಾರುಗಳ ಹಿಂದೆ ಒಬ್ಬ ಗಾಣಿಗರ ಮುದುಕಿ ಹಬ್ಬಕ್ಕೆ ಎರಡು ಸೇರು ಎಣ್ಣೆ ಒಪ್ಪಿಸಿದ್ದನ್ನು ಓದಿ ನಮಗೆ ಕಣ್ಣು ತುಂಬಿದ್ದುಂಟು. ಆ ಮುದುಕಿಯ ಕುರಿತು ಲೇಖನ ಬರೆದೆವು. ಅದೇ ವರ್ಷ ನಮ್ಮ ಮನೆಗೆ ಜೋಳ ಎಲ್ಲಿಂದ ಬರುತ್ತಿತ್ತೆಂಬುದು ನಮಗೆ ಬರೆಯುವ ವಿಷಯವಾಗಿ ಕಾಣಲಿಲ್ಲ.

ಜೋಳ ಊರಿನಿಂದ ಬರುತ್ತಿತ್ತು. 1986ರಲ್ಲಿ ಮದುವೆಯಾಗಿ ಬಾಡಿಗೆ ಮನೆ ಹಿಡಿದಂದಿನಿಂದ ಪ್ರತಿ ಸುಗ್ಗಿಗೆ ತಮ್ಮನು ಬಸ್ಸಿನ ಮೇಲೆ ಚೀಲಗಳನ್ನು ಹೇರಿಕೊಂಡು ಬರುತ್ತಿದ್ದ. ಜೋಳ, ಕಡಲೆ, ತೊಗರಿಬೇಳೆ, ಒಂದಿಷ್ಟು ಕುಸುಬೆಯೆಣ್ಣೆ. ಹೊಲದಲ್ಲಿ ನಮ್ಮ ಪಾಲೂ ಇತ್ತಲ್ಲವೇ ಎಂದು ಓದುಗರು ಕೇಳಬಹುದು. ನಾವೂ ನಮಗೆ ನಾವೇ ಹಾಗೆ ಸಮಾಧಾನ ಹೇಳಿಕೊಂಡವರೇ. ಪಾಲು ಇದ್ದದ್ದು ಮಣ್ಣಿನಲ್ಲಿ. ಅದನ್ನು ಹರಗಿ, ಬಿತ್ತಿ, ಹಕ್ಕಿ ಕಾಯ್ದು, ಕೊಯ್ದು, ರಾಶಿ ಮಾಡಿದ್ದರಲ್ಲಿ ನಮ್ಮ ಪಾಲು ಒಂದು ಗಳಿಗೆಯದೂ ಇರಲಿಲ್ಲ.

ಇತ್ತ ನಮ್ಮ ಹೆಸರು ಬೆಳೆಯಿತು. ಉಪನ್ಯಾಸಗಳಿಗೆ ಕರೆ ಬರತೊಡಗಿತು. ಕಾಯಕ, ದಾಸೋಹ, ಅಪರಿಗ್ರಹ, ಇವು ನಮ್ಮ ಮೆಚ್ಚಿನ ವಿಷಯಗಳು. ಗೌರವಧನದ ಲಕೋಟೆಯನ್ನು ವೇದಿಕೆಯ ಮೇಲೆಯೇ ಮರಳಿಸುವುದು ನಮ್ಮ ವಾಡಿಕೆಯಾಗಿತ್ತು. 1994ರಲ್ಲಿ ಒಂದು ಪಟ್ಟಣದ ಬಸವ ಜಯಂತಿಯಲ್ಲಿ ಐನೂರಾ ಒಂದು ರೂಪಾಯಿಗಳನ್ನು ಹೀಗೆಯೇ ಮರಳಿಸಿದಾಗ ದೀರ್ಘ ಕರತಾಡನವಾಯಿತು. ಮರುದಿನ ಮನೆಗೆ ಬಂದು ಆ ಪ್ರಸಂಗವನ್ನು ವರ್ಣಿಸುತ್ತಿದ್ದೆವು. ನಮ್ಮ ಮನೆಯವರು ಮೂರನೆಯವರ ರವಿಕೆಗೆ ಗುಂಡಿ ಹಚ್ಚುತ್ತ ಕುಳಿತಿದ್ದವರು ತಲೆಯೆತ್ತದೆಯೇ ಕೇಳಿದರು: “ನೀವು ಬ್ಯಾಡ ಅಂದದ್ದು ನಿಮ್ಮ ರೊಕ್ಕಾನೋ, ಅಂಗಡಿಯವನ ರೊಕ್ಕಾನೋ?” ಕಿರಾಣಿ ಅಂಗಡಿಯಲ್ಲಿ ಮೂರು ತಿಂಗಳ ಬಾಕಿಯಿತ್ತು. ಸ್ತ್ರೀಸಹಜವಾದ ಸಂಸಾರಚಿಂತೆಯೆಂದು ಆಗ ತಳ್ಳಿಹಾಕಿದೆವು. ಈ ಮಾತನ್ನು ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಮ್ಮ ನಿಲುವು ಇಂದಿಗೂ ಬದಲಾಗಿಲ್ಲ. 1991ರಲ್ಲಿ ಒಂದು ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರ ಸ್ಥಾನ ತೆರವಾಗಿತ್ತು. ಆಡಳಿತ ಮಂಡಳಿಯವರು ನಮ್ಮ ವಿದ್ವತ್ತನ್ನು ಬಹಳವಾಗಿ ಕೊಂಡಾಡಿ, ಕೊನೆಗೆ ಕಟ್ಟಡ ನಿಧಿಗೆ ಇಷ್ಟು ಸಾವಿರ ಎಂದು ಬೆರಳು ತೋರಿಸಿದರು. ಹೆಸರು ಬೇಡ, ಅಂಥವು ಆಗ ಒಂದೆರಡಿರಲಿಲ್ಲ. ತಮ್ಮನು ಸುದ್ದಿ ಕೇಳಿ ಬಂದು, “ಎರಡು ಎಕರೆ ಮಾರೂಣಣ್ಣ” ಎಂದ. ನಾವು ಒಪ್ಪಲಿಲ್ಲ. ಶರಣರ ಹೆಸರಿನಲ್ಲಿ ಶಾಲೆ ತೆರೆದು ಸ್ಥಾನಗಳನ್ನು ಹರಾಜು ಹಾಕುವವರಿಗೆ ಹೊಲ ಮಾರಿ ಕೊಡುವುದು ಅಂದೂ ತಪ್ಪು, ಇಂದೂ ತಪ್ಪು. 1996ರಲ್ಲಿ ಮಠದ ಸಂಸ್ಕೃತ ಪಾಠಶಾಲೆಯಲ್ಲಿ ಅಧ್ಯಾಪಕರಾದೆವು. ಅಲ್ಲಿಂದ ಸಂಸಾರ ಹೇಗೋ ಸಾಗಿತು. ಮಗಳು 2006ರಲ್ಲಿ ಸಿ.ಇ.ಟಿ. ಬರೆದು ಸರಕಾರಿ ಸೀಟಿನಲ್ಲಿ ಇಂಜಿನಿಯರಿಂಗ್ ಸೇರಿದಳು. ಈಗ ಪುಣೆಯಲ್ಲಿ ಉದ್ಯೋಗಸ್ಥಳು. ಅವಳ ಉದ್ಯೋಗವನ್ನು ಬಹುಕಾಲ ‘ಕಂಪ್ಯೂಟರಿನ ಕೂಲಿ’ ಎಂದು ಹಗುರವಾಗಿ ಆಡುತ್ತಿದ್ದೆವು. ಆ ಕೂಲಿಯ ಹಣದಲ್ಲಿಯೇ ನಮ್ಮ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ನಡೆದು, ಇಂದು ಓಲೆಗರಿಯ ಅಕ್ಷರ ಕಾಣುತ್ತಿದೆ.

2021ರ ಕೊರೋನಾದ ಎರಡನೆಯ ಅಲೆಯಲ್ಲಿ ತಮ್ಮನು ಲಿಂಗೈಕ್ಯನಾದ. ಐವತ್ತೇಳು ವರ್ಷ. ಆ ದಿನಗಳಲ್ಲಿ ಅನೇಕರಿಗಾದಂತೆ ನಮಗೂ ಮುಖದರ್ಶನ ಆಗಲಿಲ್ಲ. ಮೂರು ತಿಂಗಳ ಮೇಲೆ ಊರಿಗೆ ಹೋದಾಗ ತಮ್ಮನ ಮಗನು ಒಂದು ಕಬ್ಬಿಣದ ಪೆಟ್ಟಿಗೆಯನ್ನು ತಂದಿಟ್ಟು, “ದೊಡ್ಡಪ್ಪ, ಸೊಸಾಯಿಟಿ ಸಾಲ ಎಷ್ಟೈತಿ ನೋಡಿ ಹೇಳ್ರಿ, ಅಪ್ಪನ ಅಕ್ಷರ ನನಗ ತಿಳಿಯಂಗಿಲ್ಲ” ಎಂದ. ತಮ್ಮನು ಬೇಸಗೆಯಲ್ಲಿ ಹೊಲದ ಕೆಲಸವಿಲ್ಲದಾಗ ಬಿಜಾಪುರದ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದನೆಂಬುದು ನಮಗೆ ತಿಳಿದಿತ್ತು. ಅಲ್ಲಿಯ ರೂಢಿಯಂತೆಯೇ ಮನೆಯ ಲೆಕ್ಕವನ್ನೂ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕಗಳಲ್ಲಿ ಖಾತೆ ಖಾತೆಯಾಗಿ ಬರೆದಿಟ್ಟಿದ್ದ. ದುಂಡನೆಯ ಅಕ್ಷರ, ಒಂದು ಕಾಟಿಲ್ಲ. ವಿದ್ಯೆ ಒಲಿಯದವನ ಬರಹವಾಗಿರಲಿಲ್ಲ ಅದು.

ಬೀಜ, ಗೊಬ್ಬರ, ಕೂಲಿ, ಎತ್ತಿನ ಖರ್ಚು, ಸೊಸಾಯಿಟಿ ಹೀಗೆ ಖಾತೆಗಳು. ಅವುಗಳ ನಡುವೆ ಇನ್ನೊಂದು ಖಾತೆ: ‘ಓಲೆಗರಿ’. ಮೊದಲಿಗೆ ಅರ್ಥವಾಗಲಿಲ್ಲ. ನಮ್ಮ ಮನೆಯಲ್ಲಿ ತಾಳೆಯ ಮರವಿಲ್ಲ, ತಮ್ಮನಿಗೆ ಹಸ್ತಪ್ರತಿಯ ಗಂಧವಿಲ್ಲ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ತಿಳಿಯಿತು. ಅಣ್ಣನ ಮನೆಗೆ ಜೋಳ 4 ಚೀಲ. ಬಸ್ಸಿನ ಹಮಾಲಿ. ಅಣ್ಣನ ಮನೆ ಬಾಡಿಗೆ ಬಾಕಿ. ಮಗಳ ಹಾಸ್ಟೆಲ್ ಫೀ. 1983ರಿಂದ ಆರಂಭವಾಗಿ ಮಗಳು ಕೆಲಸಕ್ಕೆ ಸೇರಿದ 2010ರವರೆಗೆ ಆ ಖಾತೆ ನಡೆದಿತ್ತು. ಹಾಸ್ಟೆಲ್ ಫೀಯನ್ನು ಮಗಳಿಗೆ ಬಂದ ವಿದ್ಯಾರ್ಥಿವೇತನವೆಂದು ನಾವು ತಿಳಿದಿದ್ದೆವು. ಚಿಕ್ಕಪ್ಪನೂ ಮಗಳೂ ಕೂಡಿ ನಮ್ಮಿಂದ ಮರೆಮಾಡಿದ್ದರು. ಪ್ರತಿ ಖಾತೆಯ ಕೊನೆಗೆ ಮೊತ್ತ ಹಾಕುತ್ತಿದ್ದ ತಮ್ಮನು ಈ ಒಂದು ಖಾತೆಗೆ ಒಂದು ವರ್ಷವೂ ಮೊತ್ತ ಹಾಕಿರಲಿಲ್ಲ.

1989ರ ಪುಟದಲ್ಲಿ ಒಂದು ನಮೂದು: ಎತ್ತು ಒಂದು ಮಾರಿದ್ದು, 2,600. ಎದುರಿಗೆ ಓಲೆಗರಿ ಖಾತೆಗೆ ಅದೇ 2,600. ಆ ವರ್ಷ ನಮ್ಮ ಮೊದಲ ಸಂಪಾದನಾ ಗ್ರಂಥ ಅಚ್ಚಾಗಿತ್ತು. ಮಠದಿಂದಲೂ ದಾನಿಗಳಿಂದಲೂ ಬಂದದ್ದು ಸಾಲದೆ, ಅಚ್ಚುಕೂಟದವರು ಉಳಿದ ಹಣ ಕೊಟ್ಟ ಹೊರತು ಪ್ರತಿಗಳನ್ನು ಬಿಡುವುದಿಲ್ಲವೆಂದಾಗ ತಮ್ಮನಿಗೆ ಒಂದು ಕಾರ್ಡು ಬರೆದಿದ್ದೆವು. ಎಂಟು ದಿನದಲ್ಲಿ ಹಣ ತಂದು ಕೊಟ್ಟ. ಎಲ್ಲಿಂದ ತಂದೆಯೆಂದು ಕೇಳಿದ ನೆನಪಿಲ್ಲ. ಒಕ್ಕಲುತನ ಬಲ್ಲವರಿಗೆ ಗೊತ್ತು, ಜೋಡಿಯಲ್ಲಿ ಒಂದು ಎತ್ತು ಹೋದರೆ ಉಳಿದದ್ದರಿಂದ ಬೇಸಾಯ ಸಾಗದು. ಇನ್ನೊಬ್ಬರ ಎತ್ತಿನೊಡನೆ ಕೂಡಿ ಹೂಡಬೇಕು. ಅವರ ಹೊಲದ ಬಿತ್ತಿಗೆ ಮುಗಿದ ಮೇಲೆ ತಮ್ಮ ಸರದಿ ಬರುತ್ತದೆ. ಅಷ್ಟರಲ್ಲಿ ಎರೆಮಣ್ಣಿನ ಹಸಿ ಆರಿರುತ್ತದೆ. ಪುಸ್ತಕದಲ್ಲಿ ಮುಂದೆ ಹೀಗಿತ್ತು: ಬಿತ್ತಿಗೆ ತಡ. ಜೋಳ 9 ಚೀಲ. ಅದರ ಹಿಂದಿನ ವರ್ಷದ್ದು 22 ಚೀಲ. 9ರಲ್ಲಿಯೂ ಓಲೆಗರಿ ಖಾತೆಗೆ 4 ಎಂದೇ ಬರೆದಿತ್ತು.

ಅಂದು ರಾತ್ರಿ ಬಿಜಾಪುರದ ಬಸ್ಸಿನಲ್ಲಿ ಕುಳಿತಾಗ ಆ ಗ್ರಂಥದ ಅರಿಕೆ ನೆನಪಾಯಿತು. ಮನೆಗೆ ಬಂದವರೇ ತೆಗೆದು ನೋಡಿದೆವು. ಪೂಜ್ಯರಿಗೆ ಪ್ರಣಾಮಗಳು, ಮುನ್ನುಡಿ ಬರೆದ ವಿದ್ವಾಂಸರಿಗೆ ಕೃತಜ್ಞತೆ, ಐನೂರು ರೂಪಾಯಿ ಕೊಟ್ಟ ವರ್ತಕರಿಗೆ ಒಂದು ವಾಕ್ಯ, ಅಚ್ಚಿನ ಮೊಳೆ ಜೋಡಿಸಿದವರಿಗೆ ಒಂದು ವಾಕ್ಯ. ತಮ್ಮನ ಹೆಸರಿಲ್ಲ. ಮರೆತದ್ದಲ್ಲ. ಬರೆಯಬೇಕೆಂದು ತೋಚಿಯೇ ಇರಲಿಲ್ಲ.

ಅನಂತರ ಹಳಕಟ್ಟಿಯವರ ಜೀವನವನ್ನು ಮತ್ತೊಮ್ಮೆ ಕ್ರಮವಾಗಿ ಓದಿದೆವು. ನಾವು ಎಳೆತನದಿಂದ ಕೇಳಿದ್ದು ಅವರು ಮನೆ ಮಾರಿದ ಕಥೆಯನ್ನು. ಅದೇ ಹಳಕಟ್ಟಿಯವರು 1912ರಲ್ಲಿ ಬಿಜಾಪುರದಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಸ್ಥಾಪಿಸಿದವರೆಂಬುದನ್ನು ಗೋಷ್ಠಿಗಳಲ್ಲಿ ಯಾರೂ ಒತ್ತಿ ಹೇಳುತ್ತಿರಲಿಲ್ಲ. ರೈತನಿಗೆ ಸಾಲ ಎಲ್ಲಿಂದ ಹುಟ್ಟಬೇಕು, ಬಡ್ಡಿ ಎಷ್ಟಿರಬೇಕು ಎಂದು ತಲೆ ಕೆಡಿಸಿಕೊಂಡವರು ಅವರು. ಹಣದ ಗುಣವನ್ನು ಬಲ್ಲವರು. ಬಲ್ಲವರಾಗಿಯೇ ತಮ್ಮದನ್ನು ಕೊಟ್ಟರು. ನಾವು ಹಣವನ್ನು ತ್ಯಜಿಸಿದ್ದೇವೆಂದು ತಿಳಿದದ್ದು ಹಣದ ಲೆಕ್ಕವನ್ನು ಇನ್ನೊಬ್ಬರ ತಲೆಗೆ ಕಟ್ಟಿದ್ದಾಗಿತ್ತು, ಅಷ್ಟೆ.

ಆಯ್ದಕ್ಕಿ ಮಾರಯ್ಯನ ಪ್ರಸಂಗವನ್ನು ನಾವು ನೂರು ವೇದಿಕೆಗಳಲ್ಲಿ ಹೇಳಿದ್ದೇವೆ. ಕಲ್ಯಾಣದಲ್ಲಿ ಮಹಾಮನೆಯ ಅಂಗಳದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವನ ಕಾಯಕ. ಒಂದು ದಿನ ಅಕ್ಕಿ ಹೆಚ್ಚಾಯಿತು. ಲಕ್ಕಮ್ಮ ಅದನ್ನು ಒಪ್ಪದೆ ಮರಳಿ ಸುರಿದು ಬಾ ಎಂದಳು. ಅತಿಯಾಸೆಯ ಖಂಡನೆಯೆಂದು ಇದನ್ನು ವಿವರಿಸುತ್ತಿದ್ದೆವು. ಹೆಚ್ಚಾಯಿತೆಂದು ಲಕ್ಕಮ್ಮನಿಗೆ ತಿಳಿದದ್ದು ಹೇಗೆ? ಅವಳು ನಿತ್ಯ ಅಳೆಯುತ್ತಿದ್ದಳು. ನಿನ್ನೆ ಎಷ್ಟು ಬಂದಿತು, ಇಂದು ಎಷ್ಟು ಬೇಕು, ಇದು ಯಾರ ಪಾಲಿನದು ಎಂದು ಅಕ್ಕಿಯನ್ನು ಕಣ್ಣಿಟ್ಟು ನೋಡುತ್ತಿದ್ದಳು. ಅಳೆಯದ ಮನೆಯಲ್ಲಿ ಹೆಚ್ಚೂ ತಿಳಿಯದು, ಕಡಿಮೆಯೂ ತಿಳಿಯದು. ನಮ್ಮ ಮನೆಯಲ್ಲಿ ಅಳೆದವರು ಇಬ್ಬರಿದ್ದರು. ರವಿಕೆಗೆ ಗುಂಡಿ ಹಚ್ಚುತ್ತಿದ್ದವರೊಬ್ಬರು, ಅಡತಿ ಅಂಗಡಿಯಲ್ಲಿ ಬರೆಯುತ್ತಿದ್ದವನೊಬ್ಬ. ನಾವು ವೇದಿಕೆಯ ಮೇಲಿದ್ದೆವು.

ಇನ್ನೊಂದು ಸಂಗತಿಯನ್ನು ಬಿಟ್ಟರೆ ಈ ಅರಿಕೆಯೂ ಅಪೂರ್ಣವಾದೀತು. ತಮ್ಮನ ಮಗನು 2008ರಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದಾಗ ಡಿಪ್ಲೊಮಾ ಸೀಟು ಸಿಕ್ಕಿತ್ತು, ಸೇರಲಿಲ್ಲ. ಆಗ ಕೇಳಿದ್ದಕ್ಕೆ ತಮ್ಮನು, “ಅವಗ ಓದಾಕ ಮನಸಿಲ್ಲಣ್ಣ” ಎಂದಿದ್ದ. 1983ರಲ್ಲಿ ತನ್ನ ವಿಷಯದಲ್ಲಿ ಹೇಳಿದ ಮಾತೇ. ನಾವು ಎರಡನೆಯ ಸಲವೂ ನಂಬಿದೆವು. 2008ರ ಪುಟದಲ್ಲಿ ಓಲೆಗರಿ ಖಾತೆಗೆ ಬಿದ್ದ ಹಾಸ್ಟೆಲ್ ಫೀಯ ತಾರೀಖು ನೋಡಿದರೆ ಆ ಡಿಪ್ಲೊಮಾ ಎಲ್ಲಿ ಹೋಯಿತೆಂಬುದು ತಿಳಿಯುತ್ತದೆ. ಅವನನ್ನು ಕೇಳಿದಾಗ, “ಅದೆಲ್ಲ ಈಗ್ಯಾಕ ಬಿಡ್ರಿ ದೊಡ್ಡಪ್ಪ” ಎಂದು ನಕ್ಕ. ನಗು ತಮ್ಮನದೇ.

2022ರಲ್ಲಿ ನಮ್ಮ ಪಾಲಿನ ನಾಲ್ಕು ಎಕರೆಗೆ ಹಕ್ಕುಬಿಡುಗಡೆ ಪತ್ರ ಬರೆದುಕೊಟ್ಟೆವು. ಈಗಿನ ಕಾನೂನಿನಂತೆ ಮಗಳ ಸಹಿಯೂ ಬೇಕಾಯಿತು. ರಜೆ ಹಾಕಿ ಬಂದು ಸಹಿ ಮಾಡಿದಳು. ಕೊಳವೆಬಾವಿಯ ಖರ್ಚನ್ನೂ ಅವಳೇ ಹೊತ್ತಳು. ಇದನ್ನು ದಾನವೆಂದು ಇಲ್ಲಿ ಬರೆಯುತ್ತಿಲ್ಲ. ಇಪ್ಪತ್ತೇಳು ವರ್ಷಗಳ ಖಾತೆಗೆ ಇದು ಬಡ್ಡಿಯೂ ಆಗದು. ತಮ್ಮನ ಹೆಂಡತಿ ನೋಂದಣಿ ಕಚೇರಿಯ ಅಂಗಳದಲ್ಲಿ ಕುಳಿತು ಅತ್ತದ್ದು ಸಂತೋಷಕ್ಕೋ ದುಃಖಕ್ಕೋ ನಾವು ಕೇಳಲಿಲ್ಲ.

ಶ್ರಾವಣದ ಆ ಹುಡುಗನು ತಿಂಗಳ ಮೇಲೆ ಮನೆಗೆ ಬಂದ. ಬಿಡು ಎಂದೂ ಹೇಳಲಿಲ್ಲ, ಬಿಡಬೇಡ ಎಂದೂ ಹೇಳಲಿಲ್ಲ. ಒಂದು ಹಾಳೆ ಕೊಟ್ಟು, ನಿನ್ನನ್ನು ಇಲ್ಲಿಯವರೆಗೆ ತಂದದ್ದು ಯಾರ ಯಾರ ಹಣ ಎಂದು ಬರೆದುಕೊಂಡು ಬಾ ಎಂದೆವು. ಅವನ ಮುಖ ಸಪ್ಪಗಾಯಿತು. ಆಶೀರ್ವಾದಕ್ಕೆ ಬಂದವನಿಗೆ ಲೆಕ್ಕ ಕೇಳಿದರೆ ಇನ್ನೇನಾದೀತು! ಹತ್ತು ನಿಮಿಷದ ಕೆಲಸವೆಂದು ಹೋದವನು ಮೂರು ವಾರ ಬರಲಿಲ್ಲ. ಬಂದಾಗ ಹಾಳೆಯ ಎರಡೂ ಮಗ್ಗುಲು ತುಂಬಿತ್ತು. ಬ್ಯಾಂಕಿನ ಶಿಕ್ಷಣ ಸಾಲ ಮೊದಲನೆಯದು, ಅದು ಅವನಿಗೆ ಗೊತ್ತಿದ್ದದ್ದೇ. ತಂದೆ ಹೊಲದ ಮೇಲೆ ಎತ್ತಿದ ಕೈಗಡ ಎರಡನೆಯದು. ಮೂರನೆಯದು ಅಕ್ಕನ ಬಿ.ಎಡ್. ಶುಲ್ಕ. ಅದೇ ವರ್ಷ ಇವನ ಶುಲ್ಕಕ್ಕೆ ಹಣ ಸಾಲದೆ ಅವಳು ಅರ್ಧಕ್ಕೆ ಬಿಟ್ಟಿದ್ದಳಂತೆ. ಅವಳಿಗೆ ಓದುವ ಮನಸ್ಸಿರಲಿಲ್ಲವೆಂದು ಮನೆಯಲ್ಲಿ ಹೇಳಿದ್ದರಂತೆ.

ಅವನೇ ಲೆಕ್ಕ ಹಾಕಿ ಹೇಳಿದ: ಸಾಲ ತೀರಿ, ಅಕ್ಕನ ಬಿ.ಎಡ್. ಮುಗಿಯಲು ಎರಡೂವರೆ ವರ್ಷ ಬೇಕು. ಅಲ್ಲಿಯವರೆಗೆ ಉದ್ಯೋಗ ಬಿಡುವುದಿಲ್ಲ. ತಿಂಗಳಿಗೆ ಎರಡು ಶನಿವಾರ ರಾತ್ರಿಯ ಬಸ್ಸಿಗೆ ಬಂದು ಪಾಠ ಹೇಳಿಸಿಕೊಳ್ಳುತ್ತಾನೆ. ನಮ್ಮ ಕಡತಗಳ ಛಾಯಾಚಿತ್ರಗಳನ್ನು ತೆಗೆದುಕೊಂಡು ಹೋಗಿ ಗಣಕಯಂತ್ರದ ಪರದೆಯ ಮೇಲೆ ದೊಡ್ಡದು ಮಾಡಿ ಓದುತ್ತಾನೆ. ನಾವು ಮೂವತ್ತು ವರ್ಷಗಳ ಹಿಂದೆ ‘ಎಳ್ಳು’ ಎಂದು ಓದಿ ಮುದ್ರಿಸಿದ ಒಂದು ಶಬ್ದ ‘ಎಣ್ಣೆ’ ಎಂದು ತೋರಿಸಿಕೊಟ್ಟ. ತಂದೆ ಮೊನ್ನೆ ಒಂದು ಚೀಲ ಜೋಳ ಕಳಿಸಿದ್ದರು. ನಮ್ಮ ಮನೆಯವರು ಬೆಲೆ ಕಟ್ಟಿ ಹಣ ಕಳಿಸಿದರು.

1989ರ ಆ ಗ್ರಂಥ ಈ ವರ್ಷ ಮರುಮುದ್ರಣವಾಗುತ್ತಿದೆ. ಅರಿಕೆಯನ್ನು ಹೊಸದಾಗಿ ಬರೆದೆವು. ಎತ್ತಿನ ವಿಷಯ, ಚೀಲಗಳ ವಿಷಯ, ಎಲ್ಲವನ್ನೂ ತಮ್ಮನ ಪುಸ್ತಕದಲ್ಲಿದ್ದಂತೆ ವರ್ಷವಾರು ಸೇರಿಸಿದೆವು. ಕರಡು ಅಚ್ಚಿನ ಪುಟಗಳನ್ನು ನಮ್ಮ ಮನೆಯವರಿಗೆ ಓದಿ ಹೇಳಿದಾಗ ಅವರು ಕೊನೆಯವರೆಗೂ ಕೇಳಿ, “ಪಂಚಮಿಗೆ ಬರತಿದ್ದ ಶೇಂಗಾ ಉಂಡಿ ಎಲ್ಲೈತಿ? ಮಗಳು ಹುಟ್ಟಿದಾಗ ಕೌದಿ ಹೊಲದು ಕಳಿಸಿದ್ದು? ನನಗ ಆರಾಮ ಇರಲಿಲ್ಲಂತ ಒಂದು ತಿಂಗಳು ಬಂದು ರೊಟ್ಟಿ ಬಡಿದದ್ದು?” ಎಂದು ಕೇಳಿದರು. ತಮ್ಮನ ಪುಸ್ತಕವನ್ನು ಮತ್ತೆ ತೆಗೆದು ಹುಡುಕಿದೆವು. ಅವನ ಹೆಂಡತಿ ಮಾಡಿದ್ದು ಅವನ ಯಾವ ಖಾತೆಯಲ್ಲಿಯೂ ಬಂದಿರಲಿಲ್ಲ. ಅಚ್ಚುಕೂಟಕ್ಕೆ ಇನ್ನು ನಾಲ್ಕು ದಿನ ತಡೆಯಲು ಹೇಳಿಕಳಿಸಿದ್ದೇವೆ.